ಪಕ್ ಬರುವ ಮುಂಚೆ ತಿರುಗಿ ನೋಡುವುದು: ನನ್ನ ಅನುಭವ

ಐಸ್ ಹಾಕಿ ಆಡುವ ಆ ಹುಡುಗನ ಜೊತೆ ಕೋಚ್ ಆಗಿ ನಾನು ಮಾಡಿದ ಮೊದಲ ಕೆಲಸ ಎಣಿಕೆ. ಸೀಸನ್ನಿನ ಮೊದಲ ನಾಲ್ಕು ಪಂದ್ಯಗಳ ವಿಡಿಯೊ ಹಾಕಿಕೊಂಡು, ನಮ್ಮ ಗೋಲಿನ ಕಡೆಯ ಬೋರ್ಡ್ಸ್ (ಮಂಜಿನ ಅಂಗಳವಾದ ರಿಂಕ್ ಸುತ್ತಲಿನ ಗೋಡೆ) ಪಕ್ಕ ಅವನಿಗೆ ಎಷ್ಟು ಸಲ ಪಕ್ (ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ) ಬಂತು ಎಂದು ಗುರುತು ಹಾಕುತ್ತಾ ಹೋದೆ. 31 ಸಲ ಬಂದಿತ್ತು. ಪಕ್ ತಲುಪುವ ಮುಂಚೆ ಅವನು ಹೆಗಲ ಮೇಲಿಂದ ತಿರುಗಿ ನೋಡಿದ್ದು 9 ಸಲ ಮಾತ್ರ. ನೋಡದೆ ಇದ್ದಾಗೆಲ್ಲ ಹೆಚ್ಚುಕಡಿಮೆ ಪಕ್ ಎದುರಾಳಿಯ ಪಾಲಾಗಿತ್ತು.

ಇಪ್ಪತ್ತು ವರ್ಷದ ಲೆಫ್ಟ್ ವಿಂಗರ್, ಅಂದರೆ ಮುಂಪಡೆಯಲ್ಲಿ ಎಡಬದಿಗೆ ಆಡುವವನು. ಜೂನಿಯರ್ ಲೀಗ್‌ನಲ್ಲಿ ಗೋಲಿನ ಮೇಲೆ ಗೋಲು ಹೊಡೆದು ಬಂದವನು. ಈ ಆಟದ ಅತಿ ದೊಡ್ಡ ಲೀಗಾದ ಎನ್‌ಎಚ್‌ಎಲ್‌ನ ತಂಡವೊಂದು ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಎಳೆಯ ಆಟಗಾರರನ್ನು ಆರಿಸಿಕೊಳ್ಳುವುದು) ಎರಡನೇ ಸುತ್ತಿನಲ್ಲೇ ಅವನನ್ನು ಆರಿಸಿಕೊಂಡಿತ್ತು. ಪಕ್ ಸ್ಟಿಕ್ಕಿಗೆ ಬಂದು ಕೂತ ಮೇಲೆ ಅವನಿಗೆ ಹೇಳಿಕೊಡುವಂಥದ್ದು ಏನೂ ಇರಲಿಲ್ಲ. ಅದು ಬರುವ ಮುಂಚಿನ ಒಂದು, ಒಂದೂವರೆ ಸೆಕೆಂಡ್ ಇದೆಯಲ್ಲ, ಅವನ ತೊಂದರೆಯೆಲ್ಲ ಅಲ್ಲೇ ಇತ್ತು.

ನಾನು ಎನ್‌ಎಚ್‌ಎಲ್‌ಗೆ ಒಂದು ಮೆಟ್ಟಿಲು ಕೆಳಗಿನ ಅಮೆರಿಕನ್ ಹಾಕಿ ಲೀಗ್‌ನ, ಅಂದರೆ ಎಎಚ್‌ಎಲ್‌ನ ತಂಡವೊಂದರಲ್ಲಿ ಎಳೆಯ ಆಟಗಾರರನ್ನು ತಯಾರು ಮಾಡುವ ಕೋಚ್. ಊರಿನವರಿಗೆ ಹಾಕಿ ಅಂದರೆ ಹುಲ್ಲಿನ ಮೇಲಿನ ಆಟ. ನಮ್ಮ ಅಪ್ಪನೂ ಮಡಿಕೇರಿಯಲ್ಲಿ ಶಾಲೆಯ ತಂಡಕ್ಕೆ ಆ ಹಾಕಿಯನ್ನೇ ಆಡಿದವರು. ನಾನು ಹನ್ನೊಂದನೇ ವಯಸ್ಸಿಗೆ ಕೆನಡಾಕ್ಕೆ ಬಂದು ಮಂಜಿನ ಮೇಲೆ ಕಲಿತೆ. ಎಎಚ್‌ಎಲ್‌ನಲ್ಲಿ 32 ತಂಡಗಳಿವೆ, ಒಂದೊಂದೂ ಒಂದೊಂದು ಎನ್‌ಎಚ್‌ಎಲ್ ತಂಡದ ಜೊತೆ ಸೇರಿಕೊಂಡಿದೆ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ 72 ಪಂದ್ಯ. ಇಲ್ಲಿ ಗೆಲ್ಲುವುದೂ ಬೇಕು, ಬೆಳೆಸುವುದೂ ಬೇಕು. ಬೆಳೆಸುವುದನ್ನು ನಿಯಮದಲ್ಲೇ ಬರೆದಿಟ್ಟಿದ್ದಾರೆ. ಗೋಲ್‌ಕೀಪರ್‌ಗಳನ್ನು ಬಿಟ್ಟು ಒಂದು ಪಂದ್ಯಕ್ಕೆ ಇಳಿಯುವ 18 ಜನರಲ್ಲಿ 13 ಜನ ಬೆಳೆಯುವ ಹಂತದವರೇ ಆಗಿರಬೇಕು. ಆ 13ರಲ್ಲಿ 12 ಜನ 260ಕ್ಕಿಂತ ಹೆಚ್ಚು ವೃತ್ತಿಪರ ಪಂದ್ಯ ಆಡಿರಬಾರದು.

ಜೂನಿಯರ್‌ನಿಂದ ಬಂದವನಿಗೆ ಇಲ್ಲಿ ಮೊದಲು ತಟ್ಟುವುದು ಎದುರಾಳಿಯ ಮೈಯ ಬಲ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ಮೈಯ ಬಲವೂ ಹೌದು. ಆದರೆ ಅದಕ್ಕಿಂತ ಹೆಚ್ಚಾಗಿ ತಟ್ಟುವುದು ಸಮಯ ಸಿಗದಿರುವುದು. ಜೂನಿಯರ್‌ನಲ್ಲಿ ಪಕ್ ಹಿಡಿದು, ತಲೆ ಎತ್ತಿ, ಯಾರೆಲ್ಲಿದ್ದಾರೆ ಎಂದು ನೋಡಿ, ಆಮೇಲೆ ಯೋಚನೆ ಮಾಡಬಹುದು. ಇಲ್ಲಿ ತಲೆ ಎತ್ತುವಷ್ಟರಲ್ಲಿ ಎದುರಾಳಿ ಡಿಫೆನ್ಸ್‌ಮನ್ ಎದೆಗೆ ಬಂದು ಗುದ್ದಿರುತ್ತಾನೆ.

ನಾನು ಶುರುವಿನಲ್ಲೇ ಒಂದು ತಪ್ಪು ಮಾಡಿದೆ. ಅವನು ತಿರುಗಿ ನೋಡದೆ ಇದ್ದ ಆ 22 ಕ್ಲಿಪ್‌ಗಳನ್ನೂ ಒಂದೇ ದಿನ ಕೂರಿಸಿ ತೋರಿಸಿಬಿಟ್ಟೆ. ಅವನು ತಲೆಯಾಡಿಸುತ್ತಾ ನೋಡಿದ, ಥ್ಯಾಂಕ್ಸ್ ಹೇಳಿ ಹೋದ. ಮುಂದಿನ ಮೂರು ಪಂದ್ಯಗಳಲ್ಲಿ ಪಕ್ ಸ್ಟಿಕ್ಕಿಗೆ ಬಂದರೆ ಸಾಕು, ಕೆಂಡ ಮುಟ್ಟಿದವನ ಹಾಗೆ ಆಚೆ ಹೊಡೆಯುತ್ತಿದ್ದ. ತಪ್ಪು ಕಡಿಮೆಯಾಯಿತು, ಆಟವೂ ಹೋಯಿತು. ನಾವು ಅವನನ್ನು ಆರಿಸಿಕೊಂಡಿದ್ದೇ ಪಕ್ ಇಟ್ಟುಕೊಂಡು ಏನಾದರೂ ಮಾಡುತ್ತಾನೆ ಎಂದು. ಅದನ್ನೇ ನಾನು ಕಿತ್ತುಕೊಳ್ಳುತ್ತಿದ್ದೆ. ಆ ವಾರ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅಲ್ಲಿಂದಾಚೆ ಒಂದು ಸಲಕ್ಕೆ ಆರೇ ಕ್ಲಿಪ್ ಎಂದು ನಿಯಮ ಮಾಡಿಕೊಂಡೆ. ಅದರಲ್ಲಿ ನಾಲ್ಕು ಅವನೇ ಚೆನ್ನಾಗಿ ಆಡಿದವು, ಎರಡು ತಿದ್ದಬೇಕಾದವು. ಚೆನ್ನಾಗಿ ಆಡಿದ್ದನ್ನು ತೋರಿಸಿ, "ಇಲ್ಲಿ ಏನು ನೋಡಿದೆ?" ಎಂದು ಮೊದಲು ಅವನನ್ನೇ ಕೇಳುವುದು. ಬಾಯಿಬಿಟ್ಟು ಹೇಳಿದ್ದು ಅವನಿಗೆ ನೆನಪಿರುತ್ತಿತ್ತು. ನಾನು ಹೇಳಿದ್ದು ಇರುತ್ತಿರಲಿಲ್ಲ.

ಇನ್ನು ಬೋರ್ಡ್ಸ್ ಪಕ್ಕದ ಕೆಲಸ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಯಾಕೆಂದರೆ ವಿಂಗರ್ ಒಬ್ಬ ವೃತ್ತಿಪರ ಲೀಗ್‌ನಲ್ಲಿ ಉಳಿಯುತ್ತಾನೋ ಇಲ್ಲವೋ ಎಂಬುದು ಬಹಳ ಮಟ್ಟಿಗೆ ಇಲ್ಲೇ ತೀರ್ಮಾನವಾಗುತ್ತದೆ. ನಮ್ಮ ಡಿಫೆನ್ಸ್‌ಮನ್ ಗೋಲಿನ ಹಿಂದಿನಿಂದ ಪಕ್ಕನ್ನು ಬೋರ್ಡ್ಸ್ ಗುಂಟ ಜೋರಾಗಿ ಸುತ್ತಿಸಿ ಕಳಿಸುತ್ತಾನೆ. ವಿಂಗರ್ ಅದನ್ನು ಅರ್ಧ ದಾರಿಯಲ್ಲಿ ಹಿಡಿದು ಆಚೆ ದಾಟಿಸಬೇಕು. ಅದೇ ಹೊತ್ತಿಗೆ ಎದುರಾಳಿ ಡಿಫೆನ್ಸ್‌ಮನ್ ಬ್ಲೂ ಲೈನ್‌ನಿಂದ (ನಮ್ಮ ಗೋಲಿನ ಕಡೆಯ ವಲಯದ ಗಡಿಯಾದ ನೀಲಿ ಗೆರೆ) ಇಳಿದು ಮೇಲೆ ಬೀಳುತ್ತಾನೆ. ನಮ್ಮ ಹುಡುಗ ಪಕ್ ಬರುವ ಮೂಲೆಯ ಕಡೆ ಎದೆ ತಿರುಗಿಸಿ ನಿಲ್ಲುತ್ತಿದ್ದ. ಹಾಗೆ ನಿಂತರೆ ಬ್ಲೂ ಲೈನ್ ಬೆನ್ನ ಹಿಂದೆ ಹೋಗುತ್ತದೆ, ಮೇಲೆ ಬೀಳುವವನು ಕಾಣುವುದೇ ಇಲ್ಲ.

ಮೊದಲು ನಿಲ್ಲುವ ರೀತಿ ಬದಲಾಯಿಸಿದೆವು. ಸೊಂಟದ ಹಿಂಭಾಗ ಬೋರ್ಡ್ಸ್‌ಗೆ ತಾಗಬೇಕು, ಎದೆ ರಿಂಕ್‌ನ ನಡುವಿಗೆ ತೆರೆದಿರಬೇಕು. ಆಗ ಒಂದು ಕಣ್ಣಿಗೆ ಪಕ್, ಇನ್ನೊಂದಕ್ಕೆ ಬ್ಲೂ ಲೈನ್. ಆಮೇಲೆ ಎರಡು ಸಲ ನೋಡುವುದು: ನಮ್ಮ ಡಿಫೆನ್ಸ್‌ಮನ್ ಪಕ್ ಹತ್ತಿರ ಹೋಗುವಾಗ ಒಮ್ಮೆ, ಪಕ್ ಅವನ ಸ್ಟಿಕ್ ಬಿಟ್ಟ ತಕ್ಷಣ ಇನ್ನೊಮ್ಮೆ. ಎರಡನೆಯದು ಕಷ್ಟ. ಬರುತ್ತಿರುವ ಪಕ್‌ನಿಂದ ಕಣ್ಣು ಕೀಳಲು ಮನಸ್ಸು ಒಪ್ಪುವುದಿಲ್ಲ. ಅಭ್ಯಾಸ ಮುಗಿದ ಮೇಲೆ ಹದಿನೈದು ನಿಮಿಷ ನಾವಿಬ್ಬರೂ ಉಳಿಯುತ್ತಿದ್ದೆವು, ಜೊತೆಗೆ ಪಕ್ ಸುತ್ತಿಸಿ ಕಳಿಸಲು ಇನ್ನೊಬ್ಬ ಹುಡುಗ. ನಾನು ಬ್ಲೂ ಲೈನ್ ಮೇಲೆ ನಿಂತು ಬೆರಳು ಎತ್ತುವುದು, ಪಕ್ ಮುಟ್ಟುವ ಮುಂಚೆ ಎಷ್ಟು ಬೆರಳು ಎಂದು ಅವನು ಕೂಗಿ ಹೇಳಬೇಕು. ಅದು ಸಲೀಸಾದ ಮೇಲೆ ನಾನು ಪ್ಯಾಡ್ ಹಿಡಿದು ನಿಜವಾಗಿಯೇ ಇಳಿದು ಬರತೊಡಗಿದೆ. ನಾನು ದೂರ ಇದ್ದರೆ ತಿರುಗಿ ಪಕ್ ಇಟ್ಟುಕೊಂಡು ಹೋಗು; ಅರ್ಧ ದಾರಿಯಲ್ಲಿದ್ದರೆ ಕೆಳಗಿನಿಂದ ಬರುವ, ಮುಂಪಡೆಯ ನಡುವೆ ಆಡುವ ಸೆಂಟರ್‌ಗೆ ಮೆಲ್ಲಗೆ ತಳ್ಳು; ಮೈಮೇಲೆ ಬಂದಿದ್ದರೆ ಬೋರ್ಡ್ಸ್ ಮೇಲಿನ ಗಾಜಿಗೆ ಹೊಡೆದು ನನ್ನ ಹಿಂದಕ್ಕೆ ದಾಟಿಸು. ಯಾವುದು ಎಂದು ನಾನು ಹೇಳುವುದಿಲ್ಲ, ನೋಡಿ ಅವನೇ ಆರಿಸಿಕೊಳ್ಳಬೇಕು.

ಈ ಪಾಠ ನನಗೆ ಯಾವ ಕೋಚಿಂಗ್ ಕೋರ್ಸ್‌ನಿಂದಲೂ ಬಂದದ್ದಲ್ಲ. ಚಿಕ್ಕವನಿದ್ದಾಗ ಅಂಗಳದಲ್ಲಿ ಅಪ್ಪ ಹೇಳುತ್ತಿದ್ದರು: "ಬಾಲ್ ಬರೋಕ್ ಮುಂಚೆ ನೋಡ್ಕೋ ಮಗ, ಬಂದ್ಮೇಲೆ ನೋಡ್ತೀನಿ ಅಂದ್ರೆ ಆಗಲ್ಲ." ಅವರ ಆಟದಲ್ಲಿ ಸ್ಟಿಕ್ಕಿನ ಚಪ್ಪಟೆ ಮುಖದಿಂದ ಮಾತ್ರ ಹೊಡೆಯಬೇಕು, ಇಲ್ಲಿ ಎರಡೂ ಮುಖ ನಡೆಯುತ್ತದೆ. ಕಣ್ಣಿನ ಕೆಲಸ ಮಾತ್ರ ಎರಡಕ್ಕೂ ಒಂದೇ.

ಡಿಸೆಂಬರ್ ಹೊತ್ತಿಗೆ ಅವನು ನಾಲ್ಕು ಕಿಲೊ ಇಳಿದಿದ್ದ. ಶುಕ್ರವಾರ, ಶನಿವಾರ, ಭಾನುವಾರ ಸಾಲಾಗಿ ಮೂರು ಪಂದ್ಯ, ನಡುವೆ ರಾತ್ರಿಯೆಲ್ಲ ಬಸ್ಸು. ಮೊದಲ ಸಲ ಒಂಟಿಯಾಗಿ ಮನೆ ಮಾಡಿಕೊಂಡಿದ್ದವನಿಗೆ ಅನ್ನ ಬೇಯಿಸಲೂ ಬರುತ್ತಿರಲಿಲ್ಲ. ತಂಡದ ಆಹಾರ ತಜ್ಞೆ ಅದನ್ನು ನೋಡಿಕೊಂಡರು. ನಾನು ಮಾಡಿದ್ದು ಒಂದೇ, ಭಾನುವಾರದ ಮಾರನೆಯ ದಿನ ಅವನನ್ನು ಮಂಜಿನ ಮೇಲೆ ಕರೆಯುವುದನ್ನು ನಿಲ್ಲಿಸಿದೆ.

ಯಾವ ಲೈನ್‌ನಲ್ಲಿ (ಸರದಿಯಂತೆ ಒಟ್ಟಿಗೆ ಇಳಿಯುವ ಮೂವರು ಮುಂಪಡೆಯವರ ಗುಂಪು) ಆಡಿಸಬೇಕು ಎಂಬುದಕ್ಕೆ ನನಗೂ ಮುಖ್ಯ ಕೋಚ್‌ಗೂ ಬಹಳ ಮಾತಾಯಿತು. ನಾಲ್ಕನೇ ಲೈನ್‌ನಲ್ಲಿ ಎಂಟು ನಿಮಿಷ ಆಡಿ ಜವಾಬ್ದಾರಿ ಕಲಿಯಲಿ ಎಂಬುದು ಅವರ ವಾದ. ಅಷ್ಟು ಕಡಿಮೆ ಆಡಿದರೆ ತಪ್ಪು ಮಾಡುವ ಅವಕಾಶವೇ ಸಿಗುವುದಿಲ್ಲ, ಎಲ್ಲಿಂದ ಕಲಿಯುತ್ತಾನೆ ಎಂಬುದು ನನ್ನದು. ಕೊನೆಗೆ ಮೂರನೇ ಲೈನ್, ಜೊತೆಗೆ ಎರಡನೇ ಪವರ್ ಪ್ಲೇ ತಂಡ, ಅಂದರೆ ಶಿಕ್ಷೆಯಿಂದ ಎದುರಾಳಿಗೆ ಆಟಗಾರ ಕಡಿಮೆಯಾದಾಗ ಇಳಿಯುವ ಗುಂಪು. ಸೆಂಟರ್ ಆಗಿ ಮೂವತ್ತು ದಾಟಿದ ಒಬ್ಬ ಹಳಬ. ಪ್ರತಿ ಶಿಫ್ಟ್ ಆದ ಮೇಲೆ ಬೆಂಚಿನಲ್ಲಿ ಕೂತು ಆ ಹಳಬ ಇವನ ಕಿವಿಯಲ್ಲಿ ಎರಡು ಮಾತು ಹೇಳುತ್ತಿದ್ದ. ಒಂದು ಶಿಫ್ಟ್, ಅಂದರೆ ಒಂದು ಸಲ ಇಳಿದು ಆಡುವುದು, ನಲವತ್ತು, ನಲವತ್ತೈದು ಸೆಕೆಂಡ್. ಅದರ ಬಿಸಿ ಆರುವ ಮುಂಚೆ ಹೇಳಿದ ಮಾತಿಗೆ ನನ್ನ ಮಾರನೆಯ ದಿನದ ವಿಡಿಯೊಗಿಂತ ಬೆಲೆ ಹೆಚ್ಚು.

ಇಲ್ಲಿ ಕಾಯುವುದು ವ್ಯರ್ಥ ಎಂದು ಅವನಿಗೆ ಅನಿಸಿದಾಗೆಲ್ಲ ನಾನು ಜೇಸನ್ ರಾಬರ್ಟ್‌ಸನ್ ಹೆಸರು ಹೇಳುತ್ತಿದ್ದೆ. ಡಲ್ಲಾಸ್ ತಂಡ 2017ರ ಡ್ರಾಫ್ಟ್‌ನಲ್ಲಿ 39ನೆಯವನಾಗಿ ಆರಿಸಿದ ವಿಂಗರ್. ಸ್ಕೇಟಿಂಗ್ ನಿಧಾನ ಎಂಬ ಮಾತು ಅವನ ಮೇಲಿತ್ತು. 2019–20ರಲ್ಲಿ ಎಎಚ್‌ಎಲ್‌ನ ಟೆಕ್ಸಸ್ ಸ್ಟಾರ್ಸ್‌ಗೆ 60 ಪಂದ್ಯದಲ್ಲಿ 25 ಗೋಲು ಹೊಡೆದ, ಮರುವರ್ಷ ಎನ್‌ಎಚ್‌ಎಲ್‌ನ ಹೊಸ ಆಟಗಾರರ ಕಾಲ್ಡರ್ ಟ್ರೋಫಿಯ ಮತದಲ್ಲಿ ಎರಡನೆಯವನಾದ, 2022–23ರಲ್ಲಿ 109 ಪಾಯಿಂಟ್ (ಹೊಡೆದ ಗೋಲು, ಗೋಲಿಗೆ ಕೊಟ್ಟ ಪಾಸ್ ಎರಡೂ ಸೇರಿ). ಹಾಗೆಂದು ದಾರಿ ಇದೊಂದೇ ಅಲ್ಲ. ಮಾಂಟ್ರಿಯಲ್ ತಂಡ 2022ರಲ್ಲಿ ಮೊದಲನೆಯವನಾಗಿ ಆರಿಸಿದ ಯುರಾಯ್ ಸ್ಲಾಫ್ಕೊವ್ಸ್ಕಿಯನ್ನು ಕೆಳಗೆ ಕಳಿಸಲೇ ಇಲ್ಲ. ಮೊದಲ ವರ್ಷ 39 ಪಂದ್ಯದಲ್ಲಿ 10 ಪಾಯಿಂಟ್, ಎರಡನೇ ವರ್ಷ 50. ನನಗೆ ಕಂಡ ಮಟ್ಟಿಗೆ, ಯಾವ ಲೀಗ್‌ನಲ್ಲಿ ಇಟ್ಟರು ಎನ್ನುವುದಕ್ಕಿಂತ ದಿನಾ ಅವನ ಜೊತೆ ಯಾರು ಕೆಲಸ ಮಾಡಿದರು ಎನ್ನುವುದು ದೊಡ್ಡದು.

ಜನವರಿಯಲ್ಲಿ ಮೇಲಿನ ಎನ್‌ಎಚ್‌ಎಲ್ ತಂಡದಲ್ಲಿ ಒಬ್ಬನಿಗೆ ಗಾಯವಾಗಿ ಇವನಿಗೆ ಕರೆ ಬಂತು. ಐದು ಪಂದ್ಯ, ಪಂದ್ಯಕ್ಕೆ ಒಂಬತ್ತು ನಿಮಿಷದ ಆಸುಪಾಸು, ಗೋಲಿಲ್ಲ. ವಾಪಸ್ ಕಳಿಸಿದರು. ಟೂ-ವೇ ಒಪ್ಪಂದದಲ್ಲಿ ಕೆಳಗೆ ಬಂದ ದಿನದಿಂದಲೇ ಸಂಬಳವೂ ಇಳಿಯುತ್ತದೆ. ಆದರೆ ಅವನ ಮುಖದಲ್ಲಿದ್ದದ್ದು ಹಣದ ಚಿಂತೆಯಲ್ಲ. ಬ್ಯಾಗ್ ಇಳಿಸಿದವನೇ ನನ್ನ ಕೋಣೆಗೆ ಬಂದ.

"ಕೋಚ್, ನಾನೇನು ತಪ್ಪು ಮಾಡಿದೆ?"

"ತಪ್ಪೇನೂ ಮಾಡಿಲ್ಲ. ಬೋರ್ಡ್ಸ್ ಹತ್ತಿರ ಒಂದು ಪಕ್ಕನ್ನೂ ಕಳೆದುಕೊಂಡಿಲ್ಲ. ಆದರೆ ಐದು ಪಂದ್ಯದಲ್ಲಿ ಒಂದು ಸಲವೂ ಗೋಲಿನ ಮುಂದೆ ಹೋಗಿ ನಿಂತಿಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದ. "ಅಲ್ಲಿ ಹೋದರೆ ಪಕ್ ಸಿಗಲ್ಲವಲ್ಲ," ಎಂದ.

ಅದೇ ಹಳೆಯ ಗಂಟು, ಬೇರೆ ಜಾಗದಲ್ಲಿ. ಪಕ್ ಸಿಕ್ಕ ಮೇಲೆ ಆಟ ಶುರು ಎಂದು ಅವನ ಮೈ ನಂಬಿತ್ತು. ಜೂನಿಯರ್‌ನಲ್ಲಿ ಅವನು ಫೇಸ್‌ಆಫ್ ವೃತ್ತದ (ಆಟ ಮತ್ತೆ ಶುರು ಮಾಡಲು ಪಕ್ ಬೀಳಿಸುವ ಜಾಗ) ಹೊರಗಿಂದಲೇ ಗೋಲು ಹೊಡೆಯುತ್ತಿದ್ದ. ವೃತ್ತಿಪರ ಗೋಲ್‌ಕೀಪರ್‌ಗೆ ಪಕ್ ಕಾಣಿಸಿದರೆ ಅಷ್ಟು ದೂರದ ಹೊಡೆತ ಒಳಗೆ ಹೋಗುವುದು ಅಪರೂಪ. ಗೋಲ್‌ಕೀಪರ್ ಪಕ್ಕಕ್ಕೆ ಸರಿಯುವಾಗ ಹೊಡೆಯಬೇಕು, ಇಲ್ಲವೇ ಅವನ ಕಣ್ಣಿಗೆ ಅಡ್ಡ ನಿಂತಿರಬೇಕು. ಎರಡಕ್ಕೂ ಪಕ್‌ಗಿಂತ ಮುಂಚೆ ನೀನು ಅಲ್ಲಿರಬೇಕು.

ಎದುರುಬದುರು ಇರುವ ಫೇಸ್‌ಆಫ್ ಚುಕ್ಕೆಗಳಿಂದ ಉದ್ದಕ್ಕೆ ಗೆರೆ ಎಳೆದುಕೊಂಡು, ಗೆರೆಯ ಒಳಗಿನ ಹೊಡೆತವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳತೊಡಗಿದೆವು. ಪಾಸ್ ಬರುವ ಮುಂಚೆ ಸ್ಟಿಕ್ ಮಂಜಿನ ಮೇಲೆ, ಮೊಣಕಾಲು ಬಗ್ಗಿ, ಭಾರ ಹಿಂದಿನ ಕಾಲಿಗೆ. ಪಕ್ ತಾಗಿದ ಚಲನೆಯಲ್ಲೇ ಒಂದಡಿ ಒಳಕ್ಕೆ ಎಳೆದು ಬಿಡುವುದು. ಆಗ ಸ್ಟಿಕ್ಕಿನ ವಿಷಯವೂ ಹೊರಬಿತ್ತು. ಅವನು 85 ಫ್ಲೆಕ್ಸ್‌ನ (ಈ ಸಂಖ್ಯೆ ಹೆಚ್ಚಾದಷ್ಟೂ ಸ್ಟಿಕ್ ಬಿಗಿ) ಸ್ಟಿಕ್ ತಂದು ಎರಡು ಇಂಚು ಕತ್ತರಿಸಿಕೊಳ್ಳುತ್ತಿದ್ದ. ಸ್ಟಿಕ್ ಗಿಡ್ಡವಾದಷ್ಟೂ ಬಿಗಿಯಾಗುತ್ತದೆ. ದೂರದ ಜೋರು ಹೊಡೆತಕ್ಕೆ ಅದು ಸರಿ, ಇಕ್ಕಟ್ಟಿನಲ್ಲಿ ಮಣಿಕಟ್ಟಿನಿಂದ ಹೊಡೆಯುವಾಗ ಬಾಗುವುದೇ ಇಲ್ಲ. 77ಕ್ಕೆ ಇಳಿದ. ಮೊದಲ ವಾರ ಪಕ್ ಎಲ್ಲ ಗಾಜಿಗೆ ಹೋಗುತ್ತಿತ್ತು, ಮೂರನೇ ವಾರಕ್ಕೆ ಕೈಗೆ ಕೂತಿತು.

ಮಾರ್ಚ್‌ನ ಒಂದು ಶನಿವಾರ. ನಮ್ಮ ಡಿಫೆನ್ಸ್‌ಮನ್ ಪಕ್ ಸುತ್ತಿಸಿ ಕಳಿಸಿದ. ಹುಡುಗ ಒಮ್ಮೆ ನೋಡಿದ, ಇನ್ನೊಮ್ಮೆ ನೋಡಿದ, ಮೇಲೆ ಬೀಳಲು ಬಂದವನ ಕಾಲ ಪಕ್ಕದಿಂದ ಪಕ್ಕನ್ನು ಸೆಂಟರ್‌ಗೆ ತಳ್ಳಿದ. ತಳ್ಳಿ ನಿಲ್ಲಲಿಲ್ಲ, ಮೂರು ಬ್ಲೂ-ರೆಡ್ ಗೆರೆಗಳನ್ನೂ ದಾಟಿ ನೇರ ಗೋಲಿನ ಮುಂದೆ ಹೋಗಿ ಸ್ಟಿಕ್ ಕೆಳಗಿಟ್ಟ. ಹಳಬನ ಹೊಡೆತ ಗೋಲ್‌ಕೀಪರ್‌ನ ಪ್ಯಾಡಿಗೆ ಬಡಿದು ಇವನ ಸ್ಟಿಕ್ಕಿಗೆ ಬಂತು. ಗೋಲಾಯಿತು, ಬೆಂಚೆಲ್ಲ ಎದ್ದು ನಿಂತಿತು. ನಾನು ಮೇಲಿನ ಬಾಕ್ಸ್‌ನಲ್ಲಿ ಕೂತು ಆ ಎರಡು ನೋಟಗಳನ್ನೇ ಮತ್ತೆ ಮತ್ತೆ ಹಿಂದಕ್ಕೆ ಓಡಿಸಿ ನೋಡುತ್ತಿದ್ದೆ.

ಈಗ ಅವನು ಮೇಲಿನ ತಂಡದಲ್ಲಿದ್ದಾನೆ, ಮೂರನೇ ಲೈನ್‌ನಲ್ಲಿ. ಬಲಗಡೆ ಆಡಿಸಿದಾಗ ಬೋರ್ಡ್ಸ್‌ನಿಂದ ಬ್ಯಾಕ್‌ಹ್ಯಾಂಡ್ ಪಾಸ್ ಇನ್ನೂ ಎತ್ತರ ಹೋಗುತ್ತದೆ, ಸೆಂಟರ್‌ನ ಸ್ಟಿಕ್ಕಿಗೆ ಚಪ್ಪಟೆಯಾಗಿ ಕೂರುವುದಿಲ್ಲ. ಕಳೆದ ವಾರ ಅವನೇ ಆರು ಕ್ಲಿಪ್ ಕಳಿಸಿದ. ನಾಲ್ಕು ಚೆನ್ನಾಗಿದ್ದವು, ಎರಡು ಆ ಬ್ಯಾಕ್‌ಹ್ಯಾಂಡ್‌ನವು. ಜುಲೈನಲ್ಲಿ ಎರಡು ವಾರ ರಿಂಕ್ ಕಾದಿರಿಸಿದ್ದೇನೆ.