ತೈವಾನ್‌ನ ಶಿನ್‌ವೂ ನೋಡೋಕೆ ಹೋಗೋದು ಹೆಂಗೆ

ಜಯದೇವ ಸರ್ಕಲ್ ಕಡೆ ಗಾಡಿಲಿ ಹಕ್ಕಾ ನೂಡಲ್ಸ್ ತಿನ್ನೋ ನಮಗೆ ಹಕ್ಕಾ ಅಂದ್ರೆ ಒಂದ್ ಜನಾಂಗ ಅಂತಾನೇ ಗೊತ್ತಿರಲ್ಲ, ಕೆಲಸಕ್ಕಂತ ತೈವಾನ್‌ನ ತಾವೊಯುವಾನ್ ನಗರಕ್ಕೆ ಹೋಗಿರೋ ದಾವಣಗೆರೆ ಹುಡುಗ್ರು ಒಂದ್ ಭಾನುವಾರ ಅಲ್ಲೇ ಸಮುದ್ರದ ಕಡೆ ಇರೋ ಶಿನ್‌ವೂಗೆ ಹೋಗ್ಬನ್ನಿ. ಗದ್ದೆ, ಸಮುದ್ರ, ಹಕ್ಕಾ ಮಂದಿನೇ ಜಾಸ್ತಿ. ಶಿನ್‌ವೂಗಂಟ ರೈಲು ಇಲ್ಲ, ಝೊಂಗ್ಲಿ ಸ್ಟೇಷನ್ನಲ್ಲಿ ಇಳಿದು ಬಸ್ ಹಿಡೀರಿ.

ಹೊರಡೋಕ್ ಮುಂಚೆ ಮೊಬೈಲಲ್ಲಿ ಸಮುದ್ರದ ಇಳಿತದ ಟೈಮ್ ನೋಡ್ಕೊಳ್ಳಿ, ಇದೇ ಮೇನು. ದಡದಾಗೆ ಸಿಮೆಂಟಿಲ್ದೆ ಕಲ್ಲು ಪೇರಿಸಿ ಕಟ್ಟಿರೋ ಬಾಗಿದ ಗೋಡೆ ಇದಾವೆ, ಉಬ್ಬರದಾಗೆ ಮೀನು ಒಳಗ್ ಬರ್ತಾವೆ, ಇಳಿದ್ರೆ ಕಲ್ಲು ಸಂದೀಲಿ ನೀರಷ್ಟೇ ಹೋಗಿ ಮೀನು ಅಲ್ಲೇ ಸಿಕ್ಕಾಕ್ಕೊಂತಾವೆ, ಥೇಟ್ ನಮ್ ಹೊಲದ ಕಲ್ಲೊಡ್ಡು. ಉಬ್ಬರದ ಹೊತ್ತಲ್ಲಿ ಹೋದ್ರೆ ಬರೀ ನೀರು ನೋಡ್ಕೊಂಡ್ ಬರ್ಬೇಕು. ಪಾಚಿ ಜಾರುತ್ತೆ, ಹವಾಯಿ ಚಪ್ಪಲಿ ಬ್ಯಾಡ.

ಆಮೇಲೆ ಶಿನ್‌ವೂನಲ್ಲೇ ಇರೋ ಯೊಂಗ್‌ಆನ್ ಬಂದರಲ್ಲಿ ಮೀನೂಟ. ಹೆಬ್ಬಾತು ಮಾಂಸನೂ ಫೇಮಸ್ಸು. ವೆಜ್ಜಾ? ಮಂಡಕ್ಕಿ ಕಟ್ಕೊಂಡ್ ಹೋಗ್ರಪ್ಪಾ.