ಕಥೆಗೊಂದು ಲೆಕ್ಕದ ಹಾಳೆ: ಇಂಗ್ಲಿಷ್ ತರಗತಿಯ ನನ್ನ ಅನುಭವ

ಮಂಡ್ಯದ ಪದವಿ ತರಗತಿಯಲ್ಲಿ ಇಂಗ್ಲಿಷ್ ಸಣ್ಣಕಥೆಯನ್ನು, ಅದರೊಳಗಿನ ಹಣದ ಹೋಗುಬರವನ್ನು ಬರೆಯುವ ಲೆಕ್ಕದ ಹಾಳೆಯ ಮೂಲಕ ಓದಿಸುತ್ತೇನೆ, ಅದನ್ನು ಮೊದಲು ಕನ್ನಡದಲ್ಲೇ ತುಂಬಿಸುತ್ತೇನೆ ಎಂದಾಗ ವಿಭಾಗದ ಹಿರಿಯರೊಬ್ಬರು, ‘ಇದು ಇಂಗ್ಲಿಷ್ ಪಾಠವೋ ಶಾನುಭೋಗಿಕೆಯೋ?’ ಎಂದು ನಕ್ಕಿದ್ದರು. ಈಗ ಅವರೇ ಆ ಹಾಳೆಯ ಪ್ರತಿಯನ್ನು ಕೇಳಿ ಒಯ್ದಿರುವುದರಿಂದ ಬರೆಯಲು ಅಡ್ಡಿಯಿಲ್ಲ.

ಹಿಂದಿನ ಉಪಾಯಗಳಿಗೆ ಕೈಯಿಂದ ಹಣ ಹೋದದ್ದೇ ಹೆಚ್ಚು. ಕಥೆಗೆ ನಾಲ್ಕು ಪುಟದಂತೆ ಪದಗಳ ಅರ್ಥದ ಪಟ್ಟಿ ಮಾಡಿ ಇಡೀ ತರಗತಿಗೆ ಜೆರಾಕ್ಸ್ ಹಂಚಲು ಸೆಮಿಸ್ಟರಿಗೆ ಸುಮಾರು ಎರಡು ಸಾವಿರ ರೂಪಾಯಿ ಖರ್ಚಾಗುತ್ತಿತ್ತು. ಹುಡುಗರು ಪಟ್ಟಿಯನ್ನು ಉರುಹೊಡೆದು, ಕಥೆಯನ್ನು ಗೈಡಿನಲ್ಲೇ ಓದಿದರು. ಮದ್ದೂರು, ಪಾಂಡವಪುರದ ಕಡೆಯಿಂದ ಬರುವವರಿಗೆಂದು ವಾಟ್ಸಾಪಿನಲ್ಲಿ ಧ್ವನಿಮುದ್ರಿಕೆ ಕಳಿಸಿದ್ದೂ ವ್ಯರ್ಥವಾಯಿತು. ಬೆಳಗಿನ ಆ ಬಸ್ಸುಗಳಲ್ಲಿ ನಿಲ್ಲಲು ಜಾಗ ಸಿಕ್ಕರೆ ಅದೇ ಹೆಚ್ಚು.

ಹಾಳೆ ಫಲ ಕೊಟ್ಟದ್ದು ಫ್ರೆಂಚ್ ಕಥೆಗಾರ ಮೊಪಾಸಾನ 1884ರ ‘ದಿ ನೆಕ್ಲೇಸ್’ ಕಥೆಯಲ್ಲಿ. ಗೆಳತಿಯಿಂದ ಎರವಲು ತಂದ ಹಾರವನ್ನು ಹೆಂಡತಿ ಕಳೆದುಕೊಳ್ಳುತ್ತಾಳೆ, ಗಂಡಹೆಂಡಿರು ಸಾಲ ಮಾಡಿ ಅಂಥದೇ ಹೊಸದನ್ನು ಕೊಂಡು ಕೊಡುತ್ತಾರೆ. ಎಷ್ಟು ಹಣ, ಯಾರಿಂದ ಯಾರಿಗೆ, ಏತಕ್ಕೆ ಎಂಬ ಮೂರು ಅಂಕಣಗಳು ಕನ್ನಡದಲ್ಲಿ. ನಾಲ್ಕನೆಯದರಲ್ಲಿ ಅದಕ್ಕೆ ಆಧಾರವಾದ ಇಂಗ್ಲಿಷ್ ವಾಕ್ಯವನ್ನು ಇಳಿಸಬೇಕು, ಇಲ್ಲದಿದ್ದರೆ ಆ ಸಾಲು ರದ್ದು. ಗಂಡ ಬಂದೂಕಿಗೆಂದು ಕೂಡಿಟ್ಟ 400 ಫ್ರಾಂಕ್ ಹೆಂಡತಿಯ ಉಡುಪಿಗೆ ಹೋದದ್ದು, 40,000 ಹೇಳಿದ ಹೊಸ ಹಾರ 36,000ಕ್ಕೆ ಕುದುರಿದ್ದು, ಅದರಲ್ಲಿ 18,000 ಗಂಡನ ತಂದೆಯ ಆಸ್ತಿಯಿಂದ ಬಂದು ಉಳಿದದ್ದು ಸಾಲವಾದದ್ದು, ಕಳೆದ ಹಾರ ಫೆಬ್ರುವರಿಯೊಳಗೆ ಸಿಕ್ಕರೆ ಹೊಸದನ್ನು ಅಂಗಡಿಯವನು 34,000ಕ್ಕೆ ಹಿಂದಕ್ಕೆ ಪಡೆಯುವ ಕರಾರು: ಎಲ್ಲವೂ ಹಾಳೆಗೆ ಬಂದವು. ಕಬ್ಬಿನ ಬಿಲ್ಲು ತಡವಾದಾಗ ಕೈಸಾಲ ಕಂಡ ಮನೆಗಳ ಮಕ್ಕಳಿಗೆ ಪ್ರೋನೋಟು, ಬಡ್ಡಿ ವಿವರಿಸಬೇಕಾಗಲಿಲ್ಲ. ಕೊನೆಯ ಪುಟವನ್ನು ಬೇರೆಯಾಗಿ ಕೊಡುತ್ತೇನೆ. ಯಾವಾಗ ಎಂಬುದನ್ನು ಮಾತ್ರ ಇಲ್ಲಿ ಬಿಟ್ಟುಕೊಡಲಾರೆ.

ಕಳೆದುಹೋದ ಮೂಲ ಹಾರ ನಕಲಿ, ಅದರ ಬೆಲೆ ಹೆಚ್ಚೆಂದರೆ 500 ಎಂದು ಆ ಕೊನೆಯ ಪುಟದಲ್ಲಿ ತಿಳಿದೊಡನೆ ಬಿ.ಕಾಂ. ಹುಡುಗಿಯೊಬ್ಬಳು, ‘ಸಾರ್, ಗೆಳತಿ ಒಳ್ಳೆಯವಳಾದರೆ ಹೊಸ ಹಾರ ವಾಪಸ್ ಕೊಡಬೇಕಲ್ಲವೇ?’ ಎಂದಳು. ಕೊಡುತ್ತಾಳೆ ಎಂದವರು ಗೆಳತಿ ಕೈಹಿಡಿದು ಮರುಗುವ ಸಾಲನ್ನು ಹುಡುಕಿದರು. ಕೊಡಲಾರಳು ಎಂದವರು, ಹಾರ ತಡವಾಗಿ ಬಂತೆಂದು ಅವಳು ಬಿಗುವಾಗಿ ಆಡಿದ ಮಾತನ್ನು ತೋರಿಸಿದರು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಗೈಡು ತೆರೆದವರನ್ನು ಆ ದಿನ ನಾನಂತೂ ಕಾಣಲಿಲ್ಲ.

ಹುರುಪಿನಲ್ಲಿ ಓ. ಹೆನ್ರಿಯ ‘ದಿ ಗಿಫ್ಟ್ ಆಫ್ ದಿ ಮೇಜೈ’ಗೂ ಇದನ್ನೇ ಹೂಡಿದೆ. ಹೆಂಡತಿಯ ಕೈಯಲ್ಲಿ 1.87 ಡಾಲರ್, ತನ್ನ ಕೂದಲು ಮಾರಿ ಬಂದದ್ದು 20, ಗಂಡನಿಗೆ ಉಡುಗೊರೆಯಾಗಿ ಗಡಿಯಾರದ ಸರಪಣಿಗೆ ಕೊಟ್ಟದ್ದು 21. ಉಳಿದ 87 ಸೆಂಟ್ ಕಥೆಯಲ್ಲೂ ತಾಳೆಯಾದಾಗ ಹಿಂದಿನ ಬೆಂಚಿನವರು ಚಪ್ಪಾಳೆ ತಟ್ಟಿದರು. ಸಾಕಿಯ ‘ದಿ ಓಪನ್ ವಿಂಡೋ’ದಲ್ಲಿ ಹಣದ ಮಾತೇ ಇಲ್ಲವಾದ್ದರಿಂದ ಅಂಕಣಗಳನ್ನು ಯಾರು ಹೇಳಿದರು, ಯಾರು ನಂಬಿದರು, ಯಾರು ಕಣ್ಣಾರೆ ಕಂಡರು ಎಂದು ಬದಲಿಸಿದ್ದೇನೆ. ಅದರಲ್ಲಿ ಮನೆಗೆ ಬಂದ ಅತಿಥಿಗೆ ಹುಡುಗಿಯೊಬ್ಬಳು ಕಟ್ಟಿ ಹೇಳುವ ಕಥೆ ಸುಳ್ಳೆಂದು ಅರ್ಧ ತರಗತಿ ತಾನಾಗಿ ಹಿಡಿಯುತ್ತದೆ. ಉಳಿದರ್ಧಕ್ಕೆ ಇನ್ನೊಂದು ಅಂಕಣ ಬೇಕೇನೋ, ಮುಂದಿನ ಸೆಮಿಸ್ಟರಿನಲ್ಲಿ ನೋಡಬೇಕು. ಈಗ ತಲೆಗೊಂದೇ ಹಾಳೆಯಾದ್ದರಿಂದ ಜೆರಾಕ್ಸಿನ ಖರ್ಚು ಐನೂರರ ಒಳಗೇ ಮುಗಿಯುತ್ತಿದೆ.