ಸ್ಮಾಲ್ ಕ್ಯಾಪ್ ವ್ಯಾಲ್ಯೂ ಫಂಡ್ ಆರಿಸಿದ್ದು ಹೀಗೆ: ಸ್ಟಾರ್ ಬಿಟ್ಟೆ, ಶೀಟು ಓದಿದೆ

ನಮ್ಮಲ್ಲಿ ‘ಸ್ಮಾಲ್ ಕ್ಯಾಪ್ ವ್ಯಾಲ್ಯೂ’ ಅಂತ ಒಂದು ವರ್ಗವೇ ಇಲ್ಲ. 2017ರ ಅಕ್ಟೋಬರ್‌ನಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ಮ್ಯೂಚುವಲ್ ಫಂಡುಗಳನ್ನೆಲ್ಲ ವಿಂಗಡಿಸಿದಾಗ ಸ್ಮಾಲ್ ಕ್ಯಾಪ್ ಒಂದು ಪೆಟ್ಟಿಗೆಗೆ ಹೋಯಿತು, ವ್ಯಾಲ್ಯೂ ಇನ್ನೊಂದಕ್ಕೆ. ಚಿಕ್ಕ ಕಂಪನಿಗಳನ್ನು ಅಗ್ಗಕ್ಕೆ ಕೊಳ್ಳುವ ಫಂಡ್ ಬೇಕು ಅಂದರೆ ಇರುವ ಸ್ಮಾಲ್ ಕ್ಯಾಪ್ ಫಂಡುಗಳ ಒಳಗೇ ಹುಡುಕಬೇಕು. ನಾನು ಹುಡುಕಿದೆ, ಹಿಡಿದೆ, ಏಳು ವರ್ಷದ ಮೇಲೆ ಕೂತಿದ್ದೇನೆ. ಮೊದಲ ಎರಡು ವರ್ಷ ನನ್ನ ಲೆಕ್ಕವನ್ನು ನಂಬಿದವರು ಯಾರೂ ಇರಲಿಲ್ಲ. ಈಗ ಅವರೇ ಎಕ್ಸೆಲ್ ಫೈಲ್ ಕೊಡು ಅಂತ ಕೇಳುತ್ತಿದ್ದಾರೆ, ಅದಕ್ಕೇ ಒಂದು ಸಲ ಬರೆದುಬಿಡೋಣ ಅಂತ ಕೂತೆ. ತಿಂಗಳ ಕಂತಿನ ಎಸ್‌ಐಪಿ ಅಂದರೇನು, ಏಜೆಂಟರಿಲ್ಲದ ಡೈರೆಕ್ಟ್ ಪ್ಲಾನ್ ಯಾಕೆ, ಇವೆಲ್ಲ ಓದುವವರಿಗೆ ಗೊತ್ತಿದೆ ಅಂತಲೇ ಮುಂದೆ ಹೋಗುತ್ತೇನೆ.

ಮೊದಲು ಕೆಲಸ ಮಾಡದ ದಾರಿಗಳು. 2013ರಲ್ಲಿ ಡೈರೆಕ್ಟ್ ಪ್ಲಾನ್ ಬಂದ ಹೊಸತರಲ್ಲಿ ಎಲ್ಲರ ಹಾಗೆ ನಾನೂ ರೇಟಿಂಗ್ ಸಂಸ್ಥೆಗಳು ಐದು ಸ್ಟಾರ್ ಕೊಟ್ಟ ಫಂಡ್ ನೋಡಿ ಹಾಕುತ್ತಿದ್ದೆ. ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ಅದು ಮೂರು ಸ್ಟಾರ್ ಆಗುತ್ತಿತ್ತು, ಪಕ್ಕದ್ದು ಐದಕ್ಕೆ ಏರುತ್ತಿತ್ತು. ಬದಲಾಯಿಸಿದಾಗೆಲ್ಲ ಕೈ ಬಿಡುವುದು ನಮ್ಮ ದುಡ್ಡೇ. ವರ್ಷದೊಳಗೆ ತೆಗೆದರೆ ಒಂದು ಪರ್ಸೆಂಟ್ ಎಕ್ಸಿಟ್ ಲೋಡ್, ಲಾಭದ ಮೇಲೆ ಆಗ ಹದಿನೈದು ಪರ್ಸೆಂಟ್ ತೆರಿಗೆ, ಜೊತೆಗೆ ದುಡ್ಡು ಒಂದರಿಂದ ಇನ್ನೊಂದಕ್ಕೆ ಹೋಗುವ ನಾಲ್ಕೈದು ದಿನದಲ್ಲಿ ಪೇಟೆ ಏರಿದರೆ ಅದೂ ಹೋಯಿತು. ನಾಲ್ಕು ವರ್ಷದಲ್ಲಿ ಇದಕ್ಕೇ ನಲವತ್ತು ಸಾವಿರದ ಹತ್ತಿರ ಸುರಿದಿದ್ದೇನೆ. ಮೂರು ವರ್ಷದ ರಿಟರ್ನ್ ನೋಡಿ ಆರಿಸುವುದೂ ಇದರ ಅಣ್ಣನೇ. ಯಾವ ಬಗೆಯ ಷೇರು ಈಗಾಗಲೇ ದುಬಾರಿಯಾಗಿದೆಯೋ ಅದನ್ನು ಹಿಡಿದ ಫಂಡೇ ಪಟ್ಟಿಯಲ್ಲಿ ಮೇಲೆ ಕಾಣುತ್ತದೆ.

ನಾನು ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವನು. ನಮ್ಮಲ್ಲಿ ಚೀಲದ ಮೇಲಿನ ಗುರುತು ನೋಡಿ ಯಾರೂ ರೇಟು ಹೇಳುವುದಿಲ್ಲ. ಕೈ ಹಾಕಿ ಒಳಗಿನಿಂದ ನಾಲ್ಕು ಅಡಿಕೆ ತೆಗೆದು ನೋಡುತ್ತಾರೆ. ಫಂಡಿಗೂ ಅದೇ ಮಾಡಿದೆ. ಪ್ರತಿ ತಿಂಗಳು ಮುಗಿದು ಹತ್ತು ದಿನದೊಳಗೆ ಎಲ್ಲ ಫಂಡ್ ಕಂಪನಿಗಳೂ ಪೂರ್ತಿ ಪೋರ್ಟ್‌ಫೋಲಿಯೊ, ಅಂದರೆ ಫಂಡಿನ ಒಳಗಿರುವ ಷೇರುಗಳ ಪಟ್ಟಿ, ಎಕ್ಸೆಲ್ಲಿನಲ್ಲಿ ಹಾಕಬೇಕು. ಷೇರಿನ ಹೆಸರು, ಅದರ ಗುರುತಿನ ಸಂಖ್ಯೆಯಾದ ಐಎಸ್‌ಐಎನ್, ಎಷ್ಟು ಷೇರು, ಲಕ್ಷದ ಲೆಕ್ಕದಲ್ಲಿ ಮೌಲ್ಯ, ಫಂಡಿನ ಒಟ್ಟು ದುಡ್ಡಿನಲ್ಲಿ ಎಷ್ಟು ಪರ್ಸೆಂಟ್, ಎಲ್ಲ ಇರುತ್ತದೆ. ನೋಡುವವರು ಕಡಿಮೆ ಅಷ್ಟೇ. ಆಗ ಇದ್ದ ಹದಿನೈದು ಚಿಲ್ಲರೆ ಸ್ಮಾಲ್ ಕ್ಯಾಪ್ ಫಂಡುಗಳ ಶೀಟು ಇಳಿಸಿಕೊಂಡು ಪ್ರತಿ ಷೇರಿನ ಎದುರು ಅದರ ಪಿಇ (ಬೆಲೆ ವರ್ಷದ ಲಾಭದ ಎಷ್ಟು ಪಟ್ಟು), ಪಿಬಿ (ಬೆಲೆ ಪುಸ್ತಕದ ಮೌಲ್ಯದ ಎಷ್ಟು ಪಟ್ಟು), ಆರ್‌ಒಇ (ಷೇರುದಾರರ ಬಂಡವಾಳಕ್ಕೆ ಶೇಕಡ ಎಷ್ಟು ಲಾಭ) ತುಂಬಿದೆ. ಮೊದಲ ಸಲ ಎರಡು ಭಾನುವಾರ ಹಿಡಿಯಿತು. ಎಕ್ಸೆಲ್ಲಿನಲ್ಲಿ ಹುಡುಕುವ ಸೂತ್ರ ವಿಲುಕಪ್ಪನ್ನು ಷೇರಿನ ಹೆಸರು ಹಿಡಿದು ಹಾಕಬೇಡಿ. ಒಬ್ಬರು ‘ಲಿಮಿಟೆಡ್’ ಅಂತ ಬರೆದರೆ ಇನ್ನೊಬ್ಬರು ‘ಲಿ.’ ಅಂತ ಬರೆದಿರುತ್ತಾರೆ, ಅರ್ಧ ಸಾಲು ಸಿಗುವುದೇ ಇಲ್ಲ. ಐಎಸ್‌ಐಎನ್ ಹಿಡಿದು ಹಾಕಿ.

ಇಲ್ಲಿ ಒಂದು ಕಡೆ ತುಂಬ ಜನ ಜಾರುತ್ತಾರೆ. ಫಂಡಿನ ಪಿಇ ಬೇಕು ಅಂದರೆ ಷೇರುಗಳ ಪಿಇಗಳನ್ನು ಸುಮ್ನೆ ಸರಾಸರಿ ಮಾಡುವಂತಿಲ್ಲ. ಅರ್ಧ ದುಡ್ಡು ಪಿಇ 10ರ ಷೇರಿನಲ್ಲಿ, ಅರ್ಧ ಪಿಇ 100ರ ಷೇರಿನಲ್ಲಿ ಇದೆ ಅಂತಿಟ್ಟುಕೊಳ್ಳಿ. ಸುಮ್ನೆ ಸರಾಸರಿ 55 ಬರುತ್ತದೆ. ನೂರು ರೂಪಾಯಿಗೆ ಕಂಪನಿಗಳು ನಿಜಕ್ಕೂ ಎಷ್ಟು ದುಡಿಯುತ್ತಿವೆ ಅಂತ ನೋಡಿದರೆ ಮೊದಲ ಐವತ್ತಕ್ಕೆ ಐದು ರೂಪಾಯಿ, ಎರಡನೇ ಐವತ್ತಕ್ಕೆ ಐವತ್ತು ಪೈಸೆ, ಒಟ್ಟು ಐದೂವರೆ. ಅಂದರೆ ಫಂಡಿನ ಪಿಇ 18ರ ಆಸುಪಾಸು. 55 ಎಲ್ಲಿ, 18 ಎಲ್ಲಿ! ಆದ್ದರಿಂದ ಪ್ರತಿ ಷೇರಿನ ಪಿಇಯನ್ನು ತಲೆಕೆಳಗು ಮಾಡಿ (ಒಂದನ್ನು ಅದರಿಂದ ಭಾಗಿಸಿ) ಅದರ ಪಾಲಿನಿಂದ ಗುಣಿಸಿ ಕೂಡಿಸಿ, ಕೊನೆಗೆ ಮತ್ತೆ ತಲೆಕೆಳಗು ಮಾಡಿ. ನಷ್ಟದಲ್ಲಿರುವ ಕಂಪನಿಯನ್ನು ಬಿಟ್ಟುಬಿಡಬೇಡಿ, ಮೈನಸ್ ಆಗಿಯೇ ಸೇರಿಸಿ. ಅದನ್ನು ಬಿಟ್ಟರೆ ಫಂಡ್ ಸುಳ್ಳು ಸುಳ್ಳೇ ಅಗ್ಗವಾಗಿ ಕಾಣುತ್ತದೆ.

ಹೋಲಿಸುವುದು ಚಿಕ್ಕ ಕಂಪನಿಗಳ ಸೂಚ್ಯಂಕ ನಿಫ್ಟಿ ಸ್ಮಾಲ್ ಕ್ಯಾಪ್ 250ರ ಜೊತೆ. ಹಳೆಯ ಪಿಇ ಡೇಟಾ ಇಟ್ಟುಕೊಂಡವರು ಒಂದು ವಿಷಯ ಗಮನಿಸಿ. 2021ರ ಮಾರ್ಚ್ ಕೊನೆಯವರೆಗೆ ಎನ್‌ಎಸ್‌ಇ ಸೂಚ್ಯಂಕಗಳ ಪಿಇಗೆ ಕಂಪನಿಯ ಒಂಟಿ ಲೆಕ್ಕ ತೆಗೆದುಕೊಳ್ಳುತ್ತಿತ್ತು, ಆಮೇಲೆ ಅಂಗಸಂಸ್ಥೆಗಳೂ ಸೇರಿದ ಲೆಕ್ಕಕ್ಕೆ ಬದಲಾಯಿಸಿತು. ನಿಫ್ಟಿ 50ರ ಪಿಇ ಒಂದೇ ದಿನದಲ್ಲಿ ನಲವತ್ತರಿಂದ ಮೂವತ್ತಮೂರರ ಹತ್ತಿರ ಬಂತು. ಪೇಟೆ ಅಗ್ಗವಾಗಿರಲಿಲ್ಲ, ಲೆಕ್ಕ ಬದಲಾಗಿತ್ತು. ನನ್ನ ಚಾರ್ಟಿನಲ್ಲಿ ಆ ತಿಂಗಳಿಗೆ ಕೆಂಪು ಗೆರೆ ಎಳೆದಿಟ್ಟಿದ್ದೇನೆ.

ನನ್ನ ಮೊದಲ ಜರಡಿ ಬರೀ ಪಿಬಿಯದು. ಎಲ್ಲಕ್ಕಿಂತ ಕಡಿಮೆ ಪಿಬಿ ಇದ್ದ ಫಂಡಿಗೆ ಐದು ತಿಂಗಳು ಹಾಕಿದೆ. ಒಳಗೆ ಏನಿತ್ತು ಅಂದರೆ ಸಾಲದಲ್ಲಿ ಮುಳುಗಿದ ರಸ್ತೆ ಗುತ್ತಿಗೆಯ ಕಂಪನಿಗಳು, ಕೆಟ್ಟ ಸಾಲ ಹೊತ್ತ ಬ್ಯಾಂಕುಗಳು. ಅಗ್ಗವಾಗಿದ್ದವು, ಮತ್ತೂ ಅಗ್ಗವಾದವು. ಹದಿನಾಲ್ಕು ಸಾವಿರ ಕಳೆದುಕೊಂಡು ಹೊರಬಂದೆ. ಅಲ್ಲಿಂದ ಎರಡನೇ ಜರಡಿ ಸೇರಿತು: ಫಂಡಿನ ಪಿಇ ಸೂಚ್ಯಂಕದ ಐದನೇ ನಾಲ್ಕು ಭಾಗಕ್ಕಿಂತ ಜಾಸ್ತಿ ಇರಬಾರದು, ಅದೇ ಹೊತ್ತಿಗೆ ಆರ್‌ಒಇ ಸೂಚ್ಯಂಕಕ್ಕಿಂತ ಕಡಿಮೆ ಇರಬಾರದು. ಎರಡೂ ಒಟ್ಟಿಗೆ. ಇದನ್ನು ಹಾಕಿದ ಕೂಡಲೇ ಪಟ್ಟಿಯಲ್ಲಿ ಉಳಿದದ್ದು ಮೂರೇ ಫಂಡು. ಒಂದರಲ್ಲಿ ನಗದೇ ಶೇಕಡ ಹದಿನೈದಿತ್ತು, ಬಿಟ್ಟೆ. ಇನ್ನೊಂದು, ಚಿಕ್ಕ ಕಂಪನಿಗಳಲ್ಲಿ ಕನಿಷ್ಠ ಇರಬೇಕಾದ ಶೇಕಡ 65ನ್ನು ಮುಟ್ಟಿಸಿ ಉಳಿದದ್ದರಲ್ಲಿ ದೊಡ್ಡ ಕಂಪನಿಗಳನ್ನು ತುಂಬಿಕೊಂಡಿತ್ತು, ಅದನ್ನೂ ಬಿಟ್ಟೆ. ಉಳಿದ ಒಂದರ ಹೆಸರು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಲೆಕ್ಕ ಮಾಡದೆ ಹೆಸರು ಮಾತ್ರ ಬರೆದುಕೊಂಡು ಹೋಗುತ್ತಾರೆ, ಮುಂದಿನ ಕುಸಿತಕ್ಕೆ ಓಡಿಬಿಡುತ್ತಾರೆ.

ಇನ್ನೊಂದು ಕಸುಬು ಹೇಳುತ್ತೇನೆ, ಇದು ನನ್ನದೇ. ಎಲ್ಲರೂ ಪರ್ಸೆಂಟ್ ಕಾಲಂ ನೋಡುತ್ತಾರೆ, ನಾನು ಷೇರಿನ ಸಂಖ್ಯೆ ನೋಡುತ್ತೇನೆ. ಬೆಲೆ ಬಿದ್ದರೆ ಪರ್ಸೆಂಟ್ ತಾನೇ ಇಳಿಯುತ್ತದೆ, ಮ್ಯಾನೇಜರ್ ಏನು ಮಾಡಿದ ಅಂತ ಅದರಿಂದ ತಿಳಿಯುವುದಿಲ್ಲ. ಸಂಖ್ಯೆ ಸುಳ್ಳು ಹೇಳುವುದಿಲ್ಲ. ಪೇಟೆ ಬೀಳುವ ತಿಂಗಳಲ್ಲಿ ಅಗ್ಗವಾದ ಷೇರುಗಳ ಸಂಖ್ಯೆ ಹೆಚ್ಚುತ್ತಿದ್ದರೆ ಆತ ನಿಜವಾದ ವ್ಯಾಲ್ಯೂ ಮನುಷ್ಯ. ಬಾಯಲ್ಲಿ ಅಗ್ಗ ಅಗ್ಗ ಅಂತ ಹೇಳಿ ಅದೇ ತಿಂಗಳು ಮಾರುವವರನ್ನೂ ನೋಡಿದ್ದೇನೆ. ಕಂಪನಿ ಬೋನಸ್ ಷೇರು ಕೊಟ್ಟಾಗ ಸಂಖ್ಯೆ ದಿಢೀರನೆ ಏರುತ್ತದೆ, ಅದನ್ನು ಕೊಂಡದ್ದು ಅಂತ ತಿಳಿಯಬೇಡಿ. ಸ್ಪ್ಲಿಟ್ ಆದರೆ, ಅಂದರೆ ಒಂದು ಷೇರನ್ನು ಹಲವಾಗಿ ಒಡೆದರೆ, ಐಎಸ್‌ಐಎನ್ನೇ ಬದಲಾಗುತ್ತದೆ, ಹಳೆಯದು ಪೂರ್ತಿ ಮಾರಿದ ಹಾಗೆ, ಹೊಸದು ಕೊಂಡ ಹಾಗೆ ಕಾಣುತ್ತದೆ. ಇದರ ಮೇಲೆ ಇನ್ನೂ ಎರಡು ಜರಡಿ ಇವೆ. ಒಂದು ಕೆಲವು ಉದ್ಯಮಗಳನ್ನು ಲೆಕ್ಕದಿಂದ ತೆಗೆದು ನೋಡುವುದು, ಇನ್ನೊಂದು ತ್ರೈಮಾಸಿಕ ಫಲಿತಾಂಶದ ವಾರಕ್ಕೆ ಸೇರಿದ್ದು. ಅವನ್ನು ನಾನೇ ಇಟ್ಟುಕೊಳ್ಳುತ್ತೇನೆ.

2018ರ ಜನವರಿಯಲ್ಲಿ ತಿಂಗಳಿಗೆ ಹತ್ತು ಸಾವಿರ ಶುರು ಮಾಡಿದೆ. ಅದೇ ತಿಂಗಳು ಸ್ಮಾಲ್ ಕ್ಯಾಪ್ ತುದಿ ಮುಟ್ಟಿತು! ನಿಫ್ಟಿ ಸ್ಮಾಲ್ ಕ್ಯಾಪ್ 100 ಆಗ 9,600ರ ಹತ್ತಿರ ಇತ್ತು, 2020ರ ಮಾರ್ಚಿನಲ್ಲಿ 3,200ರ ಆಸುಪಾಸಿಗೆ ಬಂತು. ನಿಫ್ಟಿ 50 ಆ ನಡುವೆ ಹೊಸ ಎತ್ತರ ಮುಟ್ಟಿ ಬಂದಿತ್ತು, ಬಣ್ಣದ ಕಂಪನಿ, ಖಾಸಗಿ ಬ್ಯಾಂಕು ಇಟ್ಟುಕೊಂಡವರೆಲ್ಲ ನಗುತ್ತಿದ್ದರು. ನಾನು ಹಾಕಿದ್ದು ಎರಡೂವರೆ ಲಕ್ಷ ಚಿಲ್ಲರೆ, ಉಳಿದಿದ್ದು ಒಂದೂಕಾಲು. ಊರಿನ ಏಜೆಂಟರು ಫೋನ್ ಮಾಡಿ, “ಸರ್, ಇದಕ್ಕೀಗ ಎರಡೇ ಸ್ಟಾರ್, ಇನ್ನಾದರೂ ಬಿಟ್ಟುಬಿಡಿ” ಅಂದರು. ಮನೆಯಲ್ಲಿ ಭಾವನದು ಒಂದೇ ಮಾತು: “ಆ ದುಡ್ಡಿಗೆ ಗೋಪಾಳದ ಕಡೆ ಒಂದು ಸೈಟಿಗೆ ಅಡ್ವಾನ್ಸ್ ಆದರೂ ಆಗ್ತಿತ್ತಲ್ಲೋ.” ನಾನು ಶೀಟು ತೆಗೆದೆ. ಫಂಡಿನ ಒಳಗಿನ ಕಂಪನಿಗಳ ಆರ್‌ಒಇ ಹೆಚ್ಚೇನೂ ಬಿದ್ದಿರಲಿಲ್ಲ. ಪಿಇ ಒಂದಂಕಿಗೆ ಬಂದಿತ್ತು. ಷೇರಿನ ಸಂಖ್ಯೆ ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಿತ್ತು. ಅವಧಿ ಮುಗಿದ ಒಂದು ಎಫ್‌ಡಿಯ ಒಂದು ಲಕ್ಷವನ್ನು ಏಪ್ರಿಲ್‌ನಲ್ಲಿ ಇದಕ್ಕೇ ಹಾಕಿದೆ. ಹೆಂಡತಿ ಒಂದು ವಾರ ಸರಿಯಾಗಿ ಮಾತಾಡಲಿಲ್ಲ.

ಆಮೇಲಿನ ಕಥೆ ಪೇಟೆ ನೋಡಿದವರಿಗೆ ಗೊತ್ತೇ ಇದೆ. 2021 ಒಂದೇ ವರ್ಷದಲ್ಲಿ ಸ್ಮಾಲ್ ಕ್ಯಾಪ್ 250 ಶೇಕಡ ಅರವತ್ತರ ಮೇಲೆ ಏರಿತು, 2022 ತಟಸ್ಥ, 2023ರಲ್ಲಿ ಮತ್ತೆ ಐವತ್ತರ ಹತ್ತಿರ. 2024ರ ಸೆಪ್ಟೆಂಬರ್‌ನಲ್ಲಿ ಒಟ್ಟು ಹಾಕಿದ್ದು ಒಂಬತ್ತು ಲಕ್ಷ, ಖಾತೆಯಲ್ಲಿ ಇದ್ದದ್ದು ಇಪ್ಪತ್ತೊಂಬತ್ತು ಚಿಲ್ಲರೆ. ಇಂಡೆಕ್ಸಿನಲ್ಲೇ ಇದೇ ದುಡ್ಡು ಹಾಕಿದ್ದರೆ ಇಪ್ಪತ್ತನಾಲ್ಕರ ಆಸುಪಾಸು ಆಗುತ್ತಿತ್ತು ಅಂತ ನನ್ನ ಲೆಕ್ಕ. ಆ ಐದು ಲಕ್ಷ ಸುಮ್ನೆ ಬಂದದ್ದಲ್ಲ, ಎರಡು ಭಾನುವಾರದ ಎಕ್ಸೆಲ್ ಮತ್ತು ಎರಡು ವರ್ಷದ ಬೈಗುಳದ ಸಂಬಳ. 2025ರ ಮಾರ್ಚಿಗೆ ಇಪ್ಪತ್ತಮೂರಕ್ಕೆ ಇಳಿದಿತ್ತು. ನನಗೆ ನಿದ್ದೆ ಕೆಡಲಿಲ್ಲ. ಶೀಟಿನಲ್ಲಿ ಸಂಖ್ಯೆ ಮತ್ತೆ ಏರುತ್ತಿತ್ತು.

ನಡುವೆ ಪ್ರಯೋಗಗಳನ್ನೂ ಮಾಡಿದ್ದೇನೆ. ಫಂಡಿನ ಪಟ್ಟಿಯಲ್ಲೇ ಎಲ್ಲಕ್ಕಿಂತ ಅಗ್ಗದ ಹತ್ತು ಷೇರು ಆರಿಸಿ ಎಂಬತ್ತು ಸಾವಿರಕ್ಕೆ ನಾನೇ ಕೊಂಡೆ, ಫಂಡಿನ ಖರ್ಚು ಉಳಿಯುತ್ತದಲ್ವಾ ಅಂತ. ಅದರಲ್ಲಿ ಒಂದು ಕಂಪನಿಯ ಆಡಿಟರ್ ವರ್ಷದ ನಡುವೆ ರಾಜೀನಾಮೆ ಕೊಟ್ಟರು. ಮರುದಿನದಿಂದ ಲೋವರ್ ಸರ್ಕ್ಯೂಟ್ (ಒಂದು ದಿನಕ್ಕೆ ಬೆಲೆ ಬೀಳಬಹುದಾದ ಕೊನೆಯ ಮಿತಿ), ಕೊಳ್ಳುವವರೇ ಇಲ್ಲ, ದಿನಾ ಬೆಳಿಗ್ಗೆ ಒಂಬತ್ತಕ್ಕೆ ಮಾರುವ ಆರ್ಡರ್ ಹಾಕಿ ಸಂಜೆ ರದ್ದಾಗುವುದನ್ನು ನೋಡುತ್ತಿದ್ದೆ. ಫಂಡಿನಲ್ಲಿ ಆ ಷೇರಿನ ಪಾಲು ಒಂದು ಪರ್ಸೆಂಟಿಗೂ ಕಡಿಮೆ, ನನ್ನಲ್ಲಿ ಹತ್ತು. ಅರವತ್ತು ಎಪ್ಪತ್ತು ಷೇರು ಯಾಕೆ ಬೇಕು ಅನ್ನುವುದು ಅಲ್ಲಿ ಕಣ್ಣಿಗೆ ಕಂಡಿತು. ಹೆಂಡತಿಯ ಖಾತೆಯಲ್ಲಿ 2019ರ ಕೊನೆಯಿಂದ ಒಂದು ಸ್ಮಾಲ್ ಕ್ಯಾಪ್ 250 ಇಂಡೆಕ್ಸ್ ಫಂಡಿಗೆ ತಿಂಗಳಿಗೆ ಎರಡು ಸಾವಿರ ಹೋಗುತ್ತಿದೆ, ಅದು ನನ್ನ ಅಳತೆಗೋಲು. ವರ್ಷಕ್ಕೆ ಮೂರು ನಾಲ್ಕು ಪರ್ಸೆಂಟ್ ನನ್ನದು ಮುಂದಿದೆ. ಎಸ್‌ಐಪಿಗೆ ಐದನೇ ತಾರೀಕು ಒಳ್ಳೆಯದೋ ಇಪ್ಪತ್ತೈದೋ ಅಂತಲೂ ಎರಡು ವರ್ಷ ನೋಡಿದೆ. ವ್ಯತ್ಯಾಸ ಏನೂ ಇಲ್ಲ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಈಗ ನನ್ನನ್ನು ಕಾಡುವುದು ಗಾತ್ರ. ಚಿಕ್ಕ ಕಂಪನಿಗೆ ದೊಡ್ಡ ದುಡ್ಡು ಹಿಡಿಸುವುದಿಲ್ಲ. ಡಿಎಸ್‌ಪಿಯವರು 2017ರ ಫೆಬ್ರವರಿಯಲ್ಲೇ ತಮ್ಮ ಫಂಡಿಗೆ ಹೊಸ ದುಡ್ಡು ನಿಲ್ಲಿಸಿದ್ದರು. 2023ರಲ್ಲಿ ಟಾಟಾ, ನಿಪ್ಪಾನ್ ಫಂಡುಗಳು ಒಂದೇ ಸಲ ಇಡಿಯಾಗಿ ಹಾಕುವ ದುಡ್ಡಿಗೆ ಬಾಗಿಲು ಹಾಕಿದವು. ನಾನು ಅದನ್ನು ಒಳ್ಳೆಯ ಗುಣ ಅಂತಲೇ ನೋಡುತ್ತೇನೆ. 2004ರಲ್ಲಿ ಐಸಿಐಸಿಐ ಪ್ರುಡೆನ್ಶಿಯಲ್‌ನ ಡಿಸ್ಕವರಿ ಫಂಡ್ ಶುರುವಾದಾಗ ಚಿಕ್ಕ, ಮಧ್ಯಮ ಕಂಪನಿಗಳ ಕಡೆಗೇ ವಾಲಿತ್ತು. ದುಡ್ಡು ತುಂಬಿದ ಹಾಗೆ ದೊಡ್ಡ ಕಂಪನಿಗಳ ಕಡೆ ಹೋಯಿತು. ಫಂಡು ಚೆನ್ನಾಗಿಯೇ ಇದೆ, ಆದರೆ ನಾನು ಹುಡುಕುವ ಸಾಮಾನು ಅದಲ್ಲ. ‘ಚಿಕ್ಕದು’ ಅನ್ನುವ ಅಳತೆಯೂ ಬೆಳೆದಿದೆ. ಫಂಡ್ ಕಂಪನಿಗಳ ಒಕ್ಕೂಟ ಆಂಫಿ ಮಾರುಕಟ್ಟೆ ಮೌಲ್ಯದ ಪ್ರಕಾರ ಮಾಡುವ ಪಟ್ಟಿಯಲ್ಲಿ 251ನೇ ಕಂಪನಿಯಿಂದ ಕೆಳಗಿರುವುದೆಲ್ಲ ಸ್ಮಾಲ್ ಕ್ಯಾಪ್. 2018ರ ಆರಂಭದಲ್ಲಿ ಆ ಗೆರೆ ಎಂಟೊಂಬತ್ತು ಸಾವಿರ ಕೋಟಿಯಲ್ಲಿತ್ತು, 2025ರ ಆರಂಭದಲ್ಲಿ ಮೂವತ್ತು ಸಾವಿರ ಕೋಟಿ ದಾಟಿತ್ತು.

2024ರ ಮಾರ್ಚಿನಿಂದ ಸ್ಟ್ರೆಸ್ ಟೆಸ್ಟ್ ಬಂದದ್ದು ಈ ವಿಷಯದಲ್ಲಿ ದೊಡ್ಡ ಉಪಕಾರ. ಪೋರ್ಟ್‌ಫೋಲಿಯೊದ ಅರ್ಧ ಮಾರಲು ಎಷ್ಟು ದಿನ ಬೇಕು ಅಂತ ಪ್ರತಿ ಸ್ಮಾಲ್ ಕ್ಯಾಪ್ ಫಂಡೂ ಹೇಳಬೇಕು. ಮೊದಲ ಸಲವೇ ದೊಡ್ಡ ಫಂಡೊಂದಕ್ಕೆ ಅರವತ್ತು ದಿನ ಅಂತ ಬಂತು, ಸಣ್ಣವಕ್ಕೆ ಎರಡು ಮೂರು ದಿನ ಸಾಕಿತ್ತು. ಅದೇ ಹಾಳೆಯಲ್ಲಿ ಫಂಡಿನ ಪಿಇ, ಸೂಚ್ಯಂಕದ ಪಿಇ ಅಕ್ಕಪಕ್ಕದಲ್ಲೇ ಸಿಗುತ್ತವೆ. ಹೊಸಬರು ನನ್ನ ಹಾಗೆ ಭಾನುವಾರ ಹಾಳು ಮಾಡಬೇಕಿಲ್ಲ, ಅಲ್ಲಿಂದ ಮೊದಲ ಸುತ್ತು ಮುಗಿಸಿ, ಉಳಿದ ನಾಲ್ಕೈದಕ್ಕೆ ಮಾತ್ರ ಶೀಟು ತೆಗೆದರೆ ಆಯಿತು.

ನನ್ನ ಫಂಡಿನ ಗಾತ್ರ ನಾನು ಸೇರಿದಾಗಿನದಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ ಆಗಿದೆ, ಅರ್ಧ ಮಾರುವ ದಿನಗಳು ಮೂವತ್ತರ ಹತ್ತಿರ ಬಂದಿವೆ. ಪಿಇ ಇನ್ನೂ ನನ್ನ ಗೆರೆಯ ಒಳಗೇ ಇದೆ, ಹಾಗಾಗಿ ಇದ್ದದ್ದನ್ನು ಮುಟ್ಟುವುದಿಲ್ಲ. 2024ರ ಜುಲೈ ನಂತರ ವರ್ಷಕ್ಕೆ ಒಂದೂಕಾಲು ಲಕ್ಷದ ದೀರ್ಘಾವಧಿ ಲಾಭಕ್ಕೆ ತೆರಿಗೆ ಇಲ್ಲ, ಅದರ ಮೇಲೆ ಹನ್ನೆರಡೂವರೆ ಪರ್ಸೆಂಟ್. ಪ್ರತಿ ಮಾರ್ಚಿನಲ್ಲಿ ಅಷ್ಟು ಲಾಭದ ಯೂನಿಟ್ಟು ಮಾತ್ರ ತೆಗೆಯುತ್ತೇನೆ, ಹಾಕುವುದು ಇನ್ನೊಂದು ಸಣ್ಣ ಫಂಡಿಗೆ. ಎಸ್‌ಐಪಿಯಲ್ಲೂ ಐದು ಸಾವಿರ ಅಲ್ಲಿಗೆ ತಿರುಗಿಸಿದ್ದೇನೆ. ಅದಕ್ಕೂ ಈಗ ಎರಡೇ ಸ್ಟಾರ್.